ನಟಿಯ ಬಾಯಿ, ನಾದಿನಿಯ ದನಿ

ಬೀದಿಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಂಗಸೊಬ್ಬರು ಎರಡನೆಯ ಸಲ ಮುಳುಗಿ ಸಾಯುತ್ತಿದ್ದಾರೆ. ಬಾಯಿ ತುಂಬ ನೀರು, ಕತ್ತು ಹಿಂದಕ್ಕೆ, ಗಂಟಲಲ್ಲಿ ಗುಳುಗುಳು. ಕಣ್ಣು ಮಾತ್ರ ಎದುರಿನ ಪರದೆಯ ಮೇಲೆ ನೆಟ್ಟಿದೆ. ಪರದೆಯಲ್ಲಿ ಬೇರೆ ಭಾಷೆಯ, ಗುಂಗುರು ಕೂದಲಿನ ದೊಡ್ಡ ನಟಿಯೊಬ್ಬಳು ನದಿಯ ನಡುವೆ ಕೈಕಾಲು ಬಡಿಯುತ್ತಿದ್ದಾಳೆ. ಅವಳ ಕೊನೆಯ ಉಸಿರು ಹೋಗುವ ಹೊತ್ತಿಗೆ ಸರಿಯಾಗಿ ಇವರದ್ದೂ ಹೋಗುತ್ತದೆ. ಆಮೇಲೆ ಇವರು ಬಾಯಲ್ಲಿದ್ದ ನೀರನ್ನು ಬಕೆಟ್ಟಿಗೆ ಉಗುಳಿ, ಟವೆಲಿನಿಂದ ಗಲ್ಲ ಒರೆಸಿಕೊಂಡು, ಗಾಜಿನ ಆಚೆ ಕುಳಿತವರ ಮುಖ ನೋಡುತ್ತಾರೆ.

ಗಾಜಿನ ಆಚೆ ಇರುವವರು ಧ್ವನಿಮುದ್ರಣದ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ; ಕನ್ನಡಕ ಮೂಗಿನ ತುದಿಗೆ ಜಾರುವುದರಿಂದ ಆ ಹೆಸರು. "ತಾಯಿ, ಚೆನ್ನಾಗಿ ಸತ್ತೆ. ಆದ್ರೆ ಒಂಚೂರು ಬೇಗ ಸತ್ತುಬಿಟ್ಟೆ. ಆಯಮ್ಮ ಇನ್ನೂ ಒಂದು ಸಲ ಕೈ ಎತ್ತುತ್ತಾಳೆ ನೋಡು" ಎನ್ನುತ್ತಾರೆ.

"ಅದಕ್ಕೇನಂತೆ, ಇನ್ನೊಂದ್ಸಲ ಸಾಯ್ತೀನಿ. ನೀರು ಮಾತ್ರ ಬೆಚ್ಚಗಿರೋದು ಕೊಡ್ಸಿ ಮೇಷ್ಟ್ರೇ. ಈ ತಣ್ಣೀರಲ್ಲಿ ಸತ್ರೆ ನಾಳೆ ಗಂಟಲು ಏಳಲ್ಲ."

ಊರಲ್ಲಿ ಈಕೆಯನ್ನು ಕರೆಯುವುದು ದನಿಯಕ್ಕ ಎಂದು. ಬೇರೆ ಭಾಷೆಯ ಸಿನಿಮಾಗಳಿಗೆ, ಧಾರಾವಾಹಿಗಳಿಗೆ, ಟಿವಿಯ ಹರಟೆ ಕಾರ್ಯಕ್ರಮಗಳಿಗೆ ನಮ್ಮ ಮಾತಿನಲ್ಲಿ ದನಿ ಕೊಡುವುದು ಇವರ ಕಸುಬು. ಆ ಗುಂಗುರು ಕೂದಲಿನ ನಟಿ ನಮ್ಮ ಮನೆಗಳಲ್ಲಿ ಅತ್ತಿದ್ದು, ನಕ್ಕಿದ್ದು, ಗಂಡನನ್ನು ಬೈದಿದ್ದು ಎಲ್ಲವೂ ದನಿಯಕ್ಕನ ಗಂಟಲಿನಿಂದ. ನಟಿಯನ್ನು ಇವರು ಒಂದು ಸಲವೂ ಕಂಡಿಲ್ಲ. ಇಂಥವರೊಬ್ಬರು ಇದ್ದಾರೆ ಎಂಬುದೂ ಆ ನಟಿಗೆ ಗೊತ್ತಿರಲಾರದು.

ಬೆಳಗಿನ ಜಾವದಲ್ಲಿ ಕೆಲಸ ಯಾಕೆಂದರೆ ಕೆಳಗಿನ ಅಂಗಡಿಯವನು ಷಟರ್ ಎತ್ತಿದ ಮೇಲೆ ಈ ಕೋಣೆಯಲ್ಲಿ ಪಿಸುಮಾತಿಗೆ ಜಾಗವಿಲ್ಲ. ಸರಳು ಬೀಳುವ ಸದ್ದು, ಎದುರಿನ ಬಡಗಿಯ ಗರಗಸ, ತಳ್ಳುಗಾಡಿಯವರ ಕೂಗು. ಗೋಡೆಗೆ ಬಡಿದ ದಪ್ಪ ಬಟ್ಟೆಯಾಗಲಿ ಬಾಗಿಲಿಗೆ ಇಳಿಬಿಟ್ಟ ಹಳೆಯ ಹಾಸಿಗೆಯಾಗಲಿ ಇದನ್ನೆಲ್ಲ ತಡೆಯುವುದಿಲ್ಲ. ಹೀಗಾಗಿ ಸಾಯುವುದು, ಬಿಕ್ಕುವುದು, ಪ್ರೀತಿ ಮಾಡುವುದು ಇವೆಲ್ಲ ನಸುಕಿನಲ್ಲಿ ಮುಗಿಯಬೇಕು. ಜಗಳ, ಕಿರುಚಾಟಗಳನ್ನು ಹೊತ್ತೇರಿದ ಮೇಲೆ ಇಟ್ಟುಕೊಂಡರೂ ನಡೆಯುತ್ತದೆ. ಮೊದಲ ಬಸ್ಸು ಬರುವ ಮುಂಚೆಯೇ ಊರಿಂದ ಪಟ್ಟಣಕ್ಕೆ ಹೊರಡುವ ಹಾಲಿನ ವ್ಯಾನಿನ ಮುಂದಿನ ಸೀಟು ದನಿಯಕ್ಕನಿಗೆ ಮೀಸಲು. ತೊಡುವುದು ಒಗೆದು ಒಗೆದು ಮೆತ್ತಗಾದ ಹತ್ತಿಯ ಬಟ್ಟೆ, ಹೊಸ ಬಟ್ಟೆಯ ಸರಪರ ಮೈಕಿಗೆ ಕೇಳುತ್ತದೆ. ಹೊಟ್ಟೆ ಗುರುಗುಟ್ಟಿದರೂ ಕೇಳುತ್ತದೆ ಎಂದು ಬರುವಾಗಲೇ ಒಂದು ಬಾಳೆಹಣ್ಣು. ಮುತ್ತಿಡುವ ದೃಶ್ಯ ಬಂದರೆ ತಮ್ಮ ಮುಂಗೈಗೇ ಮುತ್ತಿಟ್ಟುಕೊಳ್ಳುತ್ತಾರೆ. "ಹೆರಿಗೆ ಎಷ್ಟಾಗಿದೆಯೋ ಲೆಕ್ಕ ಇಟ್ಟಿಲ್ಲ ನಾನು. ಮದುವೆ ಮಾತ್ರ ಒಂದೂ ಆಗ್ಲಿಲ್ಲ ನೋಡಿ" ಎಂದು ನಗುತ್ತಾರೆ.

ಇಷ್ಟು ಮಾತಾಡುವ ಈಕೆ ಸಣ್ಣವರಿದ್ದಾಗ ಬಾಯಿ ಬಿಟ್ಟರೆ ತೊದಲು. ತಾಯಿ ಬೇಗ ಹೋದರು. ಅಣ್ಣನಿಗೆ ಹೆಂಡತಿಯಾಗಿ ಬಂದವರೇ ಈ ನಾದಿನಿಯ ತಲೆ ಬಾಚಿ ದೊಡ್ಡವಳನ್ನಾಗಿ ಮಾಡಿದ್ದು. ಮಾತು ಸಿಕ್ಕಿಕೊಂಡಾಗ ಅತ್ತಿಗೆ ಬೆನ್ನ ಮೇಲೆ ಅಂಗೈ ಇಟ್ಟು, "ಓಡ್ಬೇಡ ಮರಿ, ನಿನ್ನನ್ನ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎನ್ನುತ್ತಿದ್ದರಂತೆ. ಒಲೆಯ ಮುಂದೆ ಕೂರಿಸಿಕೊಂಡು, ಸಾಮಾನು ಕಟ್ಟಿಕೊಟ್ಟ ಹಳೆಯ ಪೇಪರ್ ಚೂರುಗಳನ್ನು ಜೋರಾಗಿ ಓದಿಸುತ್ತಿದ್ದರು. ತೊದಲು ಹೋಯಿತು. ಶಾಲೆ ಬಿಟ್ಟ ಮೇಲೆ ದನಿಯಕ್ಕ ಟೆಂಪೊದಲ್ಲಿ ಮೈಕು ಹಿಡಿದು ಊರೂರು ತಿರುಗಿದರು: ಕರೆಂಟು ಹೋಗುವ ದಿನ, ಕೋಳಿಗಳಿಗೆ ಚುಚ್ಚುಮದ್ದು, ಕಳೆದುಹೋದ ಹಸುವಿನ ಬಣ್ಣ. ಹಸುವಿನ ಸುದ್ದಿಯನ್ನೂ ಎದೆಗೆ ತಟ್ಟುವ ಹಾಗೆ ಹೇಳುವುದು ಯಾರಪ್ಪ ಎಂದು ಬೀದಿಗಿಳಿದು ನೋಡಿ, ಸ್ಟುಡಿಯೊಗೆ ಕರೆತಂದವರೇ ಈ ಮೇಷ್ಟ್ರು.

ಅತ್ತಿಗೆಗೆ ಕಾಯಿಲೆ ಬಂದದ್ದು ಅದಾದ ಕೆಲವು ವರ್ಷಕ್ಕೆ. ಗೋಡೆಯ ಆಚೆ ಕುಳಿತು ಜನ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನತೊಡಗಿದರು. ಒಂದು ದಿನ ಉರಿಯುವ ಒಲೆಯನ್ನು ಹಾಗೆಯೇ ಬಿಟ್ಟು, ಚಪ್ಪಲಿಯಿಲ್ಲದೆ ಹೊರಟುಹೋದರು. ಸಿಕ್ಕಿದ್ದು ದೂರದ ಪಟ್ಟಣದ ಬಸ್ ನಿಲ್ದಾಣದಲ್ಲಿ, ಟಿಕೆಟ್ ಕೊಡುವ ಕಿಟಕಿಯ ಕೆಳಗೆ, ಪಾದವೆಲ್ಲ ಬೊಬ್ಬೆಯೆದ್ದ ಸ್ಥಿತಿಯಲ್ಲಿ. ದೊಡ್ಡಾಸ್ಪತ್ರೆಯ ಮನೋವೈದ್ಯರು ಮಾತ್ರೆ ಬರೆದರು. ನಿಧಾನಕ್ಕೆ ಗೋಡೆ ಮತ್ತೆ ಬರೀ ಗೋಡೆಯಾಯಿತು. ಅಲ್ಲಿಂದೀಚೆಗೆ ಆ ಮನೆಯಲ್ಲಿ ಮಾತ್ರೆ ಎಂಬುದು ಉಪ್ಪಿನ ಡಬ್ಬಿಯಷ್ಟೇ ಸಹಜ. ಅಣ್ಣ ಗೇಟು, ಕಿಟಕಿ ಮಾಡುವ ಬೆಸುಗೆಯವರು, ಮಾತು ಕಡಿಮೆ. ಊಟದ ತಟ್ಟೆಯ ಪಕ್ಕ ಮಾತ್ರೆ ಇಟ್ಟು, "ನುಂಗು" ಎನ್ನುತ್ತಿದ್ದರು. ಅತ್ತಿಗೆ ನುಂಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಸ್ಟುಡಿಯೊಗೆ ಒಂದು ಹರಟೆ ಕಾರ್ಯಕ್ರಮ ಬಂತು. ಹೆಸರಾಂತರನ್ನು ಸೋಫಾದ ಮೇಲೆ ಕೂರಿಸಿ ಮನಸ್ಸು ಬಿಚ್ಚಿಸುವಂಥದು. ಗುಂಗುರು ಕೂದಲಿನ ನಟಿ ಅದರಲ್ಲಿ ತಮ್ಮ ಕೆಟ್ಟ ದಿನಗಳನ್ನು ಹೇಳಿಕೊಂಡಿದ್ದರು. ಮನಸ್ಸಿನ ಕಾಯಿಲೆಗೆಂದು ವರ್ಷಗಟ್ಟಲೆ ಮಾತ್ರೆ ನುಂಗಿದ್ದು, ಬಾಯಿ ಒಣಗುತ್ತಿದ್ದದ್ದು, ಕೈ ನಡುಗಿ ಲೋಟ ಹಿಡಿಯಲಾಗದೆ ಹೋದದ್ದು, ನಗಬೇಕೆನಿಸಿದರೂ ನಗು ಮುಖದವರೆಗೆ ಬಾರದೆ ಇದ್ದದ್ದು. ಕೊನೆಗೆ ಕ್ಯಾಮೆರಾದ ಕಡೆ ತಿರುಗಿ ಹೇಳಿದ ಮಾತು ಇದು: "ಒಂದು ದಿನ ಎಲ್ಲಾನೂ ಕಸದ ಬುಟ್ಟಿಗೆ ಹಾಕಿದೆ. ಬಿಸಿಲಿಗೆ ಹೋಗಿ ನಿಂತೆ. ಈಗ ನಾನು ನಾನಾಗಿದೀನಿ."

ಅದನ್ನು ದನಿಯಕ್ಕ ಹೇಳಿದ್ದು ಒಂದೇ ಸಲಕ್ಕೆ. ಮಾತು ತುಟಿಗೆ ಕೂಡಿತು, ಉಸಿರು ಎದೆಗೆ ಕೂಡಿತು. ಗಾಜಿನ ಆಚೆ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆ ದಿನ ನಂಗೆ ಜಂಬ ಬಂದಿದ್ದು ನಿಜ. ಅಷ್ಟು ಚೆನ್ನಾಗಿ ಬಂತಲ್ಲ ಅಂತ" ಎನ್ನುತ್ತಾರೆ ದನಿಯಕ್ಕ. ಮಾತ್ರೆ ಎಂಬ ಪದ ಬಾಯಿಂದ ಹೊರಟಾಗ ಮನೆಯ ನೆನಪು ಬರಲಿಲ್ಲವೆ ಎಂದು ಕೇಳಿದರೆ, "ಬರ್ಲಿಲ್ಲ. ಮೈಕಿನ ಮುಂದೆ ನಿಂತಾಗ ನಂಗೆ ಮನೆ ಇರಲ್ಲ. ಪರದೆ ಮೇಲಿನ ತುಟಿ ಒಂದೇ ಇರುತ್ತೆ."

ಕಾರ್ಯಕ್ರಮ ಪ್ರಸಾರವಾದ ಸಂಜೆ ಊರಲ್ಲಿ ದನಿಯಕ್ಕನ ಬೀದಿಗೆ ಬೀದಿಯೇ ಟಿವಿಯ ಮುಂದೆ ಕೂತಿತ್ತು. ಜಗತ್ತಿಗೆ ಅದು ನಟಿಯ ದನಿ. ಈ ಬೀದಿಗೆ ಮಾತ್ರ ಅದು ಮೂರನೆಯ ಮನೆಯ ದನಿ. ಮಾರನೆಯ ದಿನ ದಿನಸಿ ಅಂಗಡಿಯವರು ಸಕ್ಕರೆ ತೂಗುತ್ತಲೇ ಕೇಳಿದರು: "ಏನಕ್ಕ, ಮಾತ್ರೆಯೆಲ್ಲ ಕಸದ ಬುಟ್ಟಿಗೆ ಅಂದ್ಬಿಟ್ಟೆ? ನನ್ನ ಅಳಿಯ ಆಗ್ಲೇ ಬಿಸಿಲಿಗೆ ಹೋಗಿ ನಿಂತಿದಾನೆ. ಅವನಿಗಿರೋದು ಮೂಲವ್ಯಾಧಿ."

"ಅಯ್ಯೋ, ನಾನೆಲ್ಲಿ ಹೇಳ್ದೆ? ನಟಿ ಹೇಳಿದ್ದು."

"ಬಾಯಿ ಅವಳದ್ದಿರಬಹುದು. ನಮ್ಮ ಕಿವಿಗೆ ಬಿದ್ದಿದ್ದು ನಿನ್ನ ಮಾತೇ ತಾನೆ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ದನಿಯಕ್ಕನೂ ನಕ್ಕರು. ಮನೆಯಲ್ಲಿ ಅತ್ತಿಗೆ ಆ ವಿಷಯ ಎತ್ತಲೇ ಇಲ್ಲ. ಆ ವಾರದಿಂದ ಮಾತ್ರ ಅವರು ಎಂದಿಗಿಂತ ಚುರುಕಾದರು. ನಸುಕಿಗೇ ಎದ್ದು ಕೊಟ್ಟಿಗೆ ಗುಡಿಸಿ, ಗುನುಗುತ್ತ ಹಸುವಿನ ಮೈ ತಿಕ್ಕುವರು. ಸೂಜಿಗೆ ದಾರ ತಾವೇ ಪೋಣಿಸಿ ಗಂಡನ ಅಂಗಿಗೆ ಗುಂಡಿ ಹಾಕಿದರು. ಅಣ್ಣ, ತಂಗಿ ಇಬ್ಬರೂ ಅದನ್ನು ಕಂಡು ಖುಷಿಪಟ್ಟರು. ಖುಷಿಯ ಬೇರು ಎಲ್ಲಿದೆ ಎಂದು ಇಬ್ಬರೂ ಕೆದಕಲಿಲ್ಲ.

ಕೆಲವು ವಾರ ಕಳೆದು ಅದೇ ಸೋಫಾದ ಮೇಲೆ ಒಬ್ಬ ಗಾಯಕಿ ಬಂದು ಕೂತರು. ಗಾಯಕಿಗೆ ದನಿ ಕೊಡಬೇಕಾದವರಿಗೆ ನೆಗಡಿ ಹಿಡಿದು ಮೂಗು ಕಟ್ಟಿತ್ತು. ಮೇಷ್ಟ್ರು ದನಿಯಕ್ಕನನ್ನೇ ನಿಲ್ಲಿಸಿದರು. "ಗಂಟಲು ಒಂಚೂರು ದಪ್ಪ ಮಾಡ್ಕೊ ತಾಯಿ, ಯಾರಿಗೆ ಗೊತ್ತಾಗುತ್ತೆ." ಗಾಯಕಿಯ ಮಾತು ನಟಿಯ ಮಾತಿಗೆ ನೇರ ಎದುರು: "ಮಾತ್ರೆ ಇಲ್ಲದಿದ್ರೆ ನಾನು ಇವತ್ತು ನಿಮ್ಮ ಮುಂದೆ ಇರ್ತಿರಲಿಲ್ಲ. ನಾಚಿಕೆ ಬಿಡಿ. ಮನಸ್ಸು ಭಾರ ಅನ್ನಿಸಿದ್ರೆ ಮಾತ್ರೆ ತಗೊಳ್ಳಿ." ದಿನಸಿ ಅಂಗಡಿಯ ನಗು ಎಲ್ಲೋ ಚುಚ್ಚುತ್ತಿದ್ದುದರಿಂದ ದನಿಯಕ್ಕ ಇದನ್ನು ಇನ್ನೂ ಹೆಚ್ಚು ಮನಸ್ಸಿಟ್ಟು ಹೇಳಿದರು. ಒಂದು ಕೈಯಲ್ಲಿ ಕೆಡಿಸಿದ್ದನ್ನು ಇನ್ನೊಂದು ಕೈಯಲ್ಲಿ ಸರಿಪಡಿಸಿದ ಹಾಗಾಯಿತು ಎಂದುಕೊಂಡರು.

ಗಂಟಲು ಎಷ್ಟೇ ದಪ್ಪ ಮಾಡಿದರೂ ಬೀದಿಗೆ ಗೊತ್ತಾಗಿಯೇ ಬಿಟ್ಟಿತು. ಹಾಲಿನ ವ್ಯಾನಿನವರು ಗೇರು ಹಾಕುತ್ತ ಕೇಳಿದರು: "ಹೋದ ಸಲ ಎಸೀರಿ ಅಂದೆ. ಈ ಸಲ ನುಂಗಿ ಅಂತೀಯ. ನಡುವೆ ಏನಾಯ್ತು ದನಿಯಕ್ಕ? ಮಾತ್ರೆ ಕಂಪನಿಯವರು ಮನೆಗೆ ಬಂದಿದ್ರಾ?" ದನಿಯಕ್ಕ ಕಿಟಕಿಯ ಕಡೆ ತಿರುಗಿ ಕೂತರು. ತಾನು ಹೇಳಿದ್ದರಲ್ಲಿ ಯಾವುದು ಸರಿ ಎಂದು ಯಾರಾದರೂ ನಿಜವಾಗಿ ಕೇಳಿದರೆ ಏನು ಹೇಳಬೇಕು ಎಂಬ ಪ್ರಶ್ನೆ ಆಗ ಮೊದಲ ಸಲ ಹೊಳೆಯಿತು.

ಉತ್ತರಕ್ಕೆ ಮೊದಲು ಪಕ್ಕದ ಮನೆಯ ದರ್ಜಿ ಬಂದರು. ತಮ್ಮ ತಾಯಿ ತೀರಿಹೋದಾಗಿನಿಂದ ಆ ದರ್ಜಿ ಹೆಂಗಸಿಗೆ ನಿದ್ದೆಯಿಲ್ಲ. ಒಂದು ಸಂಜೆ ಬೇಲಿಯ ಆಚೆ ನಿಂತು, ಸುಟ್ಟು ತೂತಾದ ಪ್ಯಾಂಟೊಂದನ್ನು ಎತ್ತಿ ತೋರಿಸಿದರು. "ನೋಡೇ ಅಕ್ಕ, ಇಸ್ತ್ರಿಪೆಟ್ಟಿಗೆ ಇಟ್ಟವಳು ಹಾಗೇ ಗೋಡೆಗೊರಗಿ ಮಲಗಿಬಿಟ್ಟಿದೀನಿ. ಗಿರಾಕಿ ಬಂದು ಬಾಗಿಲು ಬಡಿದ್ರೂ ಎಚ್ಚರ ಇಲ್ಲ. ಆದ್ರೂ ಏನು ನಿದ್ದೆ ಅಂತೀಯ! ನಿಮ್ಮತ್ತಿಗೆ ಕೊಟ್ಟ ಮಾತ್ರೆ ಅಂದ್ರೆ ಮಾತ್ರೆ."

"ಅತ್ತಿಗೆ ಯಾವ ಮಾತ್ರೆ ಕೊಟ್ರು?"

"ಅವರದ್ದೇ ಕಣೇ. ಭಾರ ಅನ್ನಿಸಿದ್ರೆ ತಗೊಳ್ಳಿ ಅಂತ ನೀನೇ ಟಿವೀಲಿ ಅಂದೆಯಲ್ಲ. ಕೇಳ್ದೆ. 'ನಂಗೆ ಬೇಡ, ಬೇಕಾದ್ರೆ ತಗೊ' ಅಂತ ಹಿಡಿ ತುಂಬ ಕೊಟ್ರು ಪಾಪ. ಧಾರಾಳ ಮನಸ್ಸು."

ದನಿಯಕ್ಕ ಮೊದಲು ದರ್ಜಿಯ ಕೈಯಲ್ಲಿ ಉಳಿದಿದ್ದ ಮಾತ್ರೆಗಳನ್ನೆಲ್ಲ ವಾಪಸು ಇಸಿದುಕೊಂಡರು. ಆಮೇಲೆ ಕೊಟ್ಟಿಗೆಗೆ ನಡೆದರು. ಅಲ್ಲಿ ಅತ್ತಿಗೆ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಕೇಳಿದ್ದಕ್ಕೆ ಮುಚ್ಚಿಡಲೂ ಇಲ್ಲ, ಹೆದರಲೂ ಇಲ್ಲ. "ನೀನು ಬಿಡು ಅಂದೆ, ಬಿಟ್ಟೆ. ಅಷ್ಟು ಖಂಡಿತವಾಗಿ ಯಾವತ್ತೂ ಏನನ್ನೂ ಹೇಳಿದವಳಲ್ಲ ನೀನು. ಅದಕ್ಕೇ ನಂಬಿದೆ."

"ಅದು ನಾನಲ್ಲ ಅತ್ತಿಗೆ. ಯಾರೋ ಬರೆದುಕೊಡ್ತಾರೆ, ನಾನು ಓದ್ತೀನಿ."

"ಇರಬಹುದು. ಆಮೇಲೆ ನುಂಗು ಅಂದೆಯಲ್ಲ, ಅದನ್ನೂ ಯೋಚನೆ ಮಾಡ್ದೆ. ಮೊದಲನೇದು ಹೇಳುವಾಗ ನಿನ್ನ ದನಿಯಲ್ಲಿ ನಿಜ ಇತ್ತು. ಎರಡನೇದರಲ್ಲಿ ಯಾಕೋ ಅವಸರ ಇತ್ತು." ಇಷ್ಟು ಹೇಳಿ ಹಸುವಿನ ಬೆನ್ನು ತಟ್ಟಿದರು. "ಅದಿರ್ಲಿ. ನಿನ್ನೆ ಮಧ್ಯಾಹ್ನ ಹಿತ್ತಲಲ್ಲಿ ನಿಂತು ಅಷ್ಟು ಹೊತ್ತು ಏನು ಹೇಳ್ತಿದ್ದೆ? ಒಳಗೆ ಬಂದು ಹೇಳಬಾರ್ದಾ?"

ಹಿಂದಿನ ದಿನ ಮಧ್ಯಾಹ್ನ ದನಿಯಕ್ಕ ಪಟ್ಟಣದ ಸ್ಟುಡಿಯೊದಲ್ಲಿದ್ದರು.

ಈ ಮಾತನ್ನು ನೆನೆಯುವಾಗ ಆಕೆ ಇವತ್ತಿಗೂ ಬಲಗೈಯಿಂದ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. "ಮೊದಲೆಲ್ಲ ಗೋಡೆ ಆಚೆ ಅವರಿಗೆ ಕೇಳ್ತಿದ್ದಿದ್ದು ಯಾರ್ಯಾರೋ ಗುರುತಿಲ್ಲದೋರ ಮಾತು. ಈ ಸಲ ನನ್ನ ದನೀಲೇ ಕೇಳ್ತಿತ್ತು. ನನ್ನ ಗಂಟಲು ನನ್ನನ್ನ ಬಿಟ್ಟು ಹಿತ್ತಲಲ್ಲಿ ಹೋಗಿ ನಿಂತಿತ್ತು. ಅದಕ್ಕೆ ಏನು ಮಾಡ್ಬೇಕು ಹೇಳಿ?"

ಆ ವಾರ ಮನೆ ಮನೆಯಾಗಿರಲಿಲ್ಲ. ಅಣ್ಣ ಮೊದಲು ಹೆಂಡತಿಯ ಮೇಲೆ ರೇಗಿದರು, ಆಮೇಲೆ ತಂಗಿಯ ಮೇಲೆ, ಕೊನೆಗೆ ನಟಿಯ ಮೇಲೆ. "ಎಲ್ಲಿದೆ ಹೇಳು ಅವಳ ಮನೆ. ಗೇಟಿಗೆ ಬೆಸುಗೆ ಹಾಕಿ ಮುಚ್ಚಿಬಿಟ್ಟು ಬರ್ತೀನಿ. ಒಳಗೇ ಕೂತು ಬಿಸಿಲು ಕಾಯಿಸ್ಲಿ!" ಅಷ್ಟು ಉದ್ದದ ಮಾತನ್ನು ಅವರು ಆಡಿದ್ದೇ ಅಪರೂಪ. ಅತ್ತಿಗೆ ಫಕ್ಕನೆ ನಕ್ಕರು. ಮಾತ್ರೆಯನ್ನು ಮಾತ್ರ ಮುಟ್ಟಲಿಲ್ಲ. ನಿದ್ದೆ ಕಡಿಮೆಯಾಯಿತು. ಕೊಟ್ಟಿಗೆಯನ್ನು ಗುಡಿಸಿದ್ದೇ ಗುಡಿಸಿದ್ದು. ಒಂದು ಮಧ್ಯಾಹ್ನ ಟಿವಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು.

ಸ್ಟುಡಿಯೊದಲ್ಲಿ ದನಿಯಕ್ಕನ ಮಾತು ಮುಗ್ಗರಿಸತೊಡಗಿತು. ಮದುವೆ ಮನೆಯಲ್ಲಿ ನಗುವ ಒಂದು ಸಣ್ಣ ದೃಶ್ಯವನ್ನು ಮಾಡಿ ಮಾಡಿ ಕೆಳಗಿನ ಷಟರ್ ಏಳುವ ಹೊತ್ತಾದರೂ ನಗು ಕೂಡಲಿಲ್ಲ. ಮೇಷ್ಟ್ರು ಯಂತ್ರ ನಿಲ್ಲಿಸಿ ಹೊರಗೆ ಬಂದರು. ದನಿಯಕ್ಕ ಎಲ್ಲವನ್ನೂ ಹೇಳಿ, ಒಂದೇ ಒಂದು ಕೇಳಿದರು: ಆ ನಟಿ ಮೂಲದಲ್ಲಿ ಇನ್ನೇನಾದರೂ ಹೇಳಿದ್ದರೆ? ವೈದ್ಯರ ಹತ್ತಿರ ಕೇಳಿ ಬಿಟ್ಟೆ, ನಿಧಾನಕ್ಕೆ ಬಿಟ್ಟೆ, ಅಂಥದ್ದು?

ಮೇಷ್ಟ್ರು ಆ ಹಳೆಯ ಕಂತನ್ನು ಹುಡುಕಿ ಹಾಕಿದರು. ನಟಿ ಬಿಸಿಲಿನ ಮಾತು ಮುಗಿಸುತ್ತಾರೆ. ಮತ್ತೆ ಬಾಯಿ ತೆರೆಯುತ್ತಾರೆ. ಅಲ್ಲಿಗೆ ಚಿತ್ರ ಕತ್ತರಿಸಿ ಜನ ಚಪ್ಪಾಳೆ ತಟ್ಟುವುದು ಬರುತ್ತದೆ. ಇಬ್ಬರೂ ಆ ತೆರೆದ ಬಾಯಿಯನ್ನು ನಿಲ್ಲಿಸಿ ನೋಡಿದರು. "ಏನೋ ಹೇಳೋಕೆ ಹೊರಟಿದ್ಲು ತಾಯಿ. ಏನು ಅಂತ ನನ್ನ ಕೇಳಿದ್ರೆ? ನಮಗೆ ಬಂದಿದ್ದೇ ಇಷ್ಟು" ಎಂದರು ಮೇಷ್ಟ್ರು. ನಟಿಯನ್ನು ಬೈಯಬೇಕೋ ಕತ್ತರಿಸಿದವರನ್ನು ಬೈಯಬೇಕೋ ತಮ್ಮನ್ನೇ ಬೈದುಕೊಳ್ಳಬೇಕೋ ದನಿಯಕ್ಕನಿಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಆ ಸಂಜೆ ಅವರು ಅತ್ತಿಗೆಯ ಎದುರು ನೆಲದ ಮೇಲೆ ಕೂತರು. ಏನು ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡದ್ದೆಲ್ಲ ಬಾಯಿಗೆ ಬರುವಾಗ ಸಿಕ್ಕಿಕೊಂಡಿತು, ಚಿಕ್ಕಂದಿನ ಹಾಗೆ ತೊದಲಿತು. "ಅತ್ತಿಗೆ, ಬಿ... ಬಿಡು ಅಂತಾನೂ ನಂಗೊತ್ತಿಲ್ಲ, ತಗೊ ಅಂತಾನೂ ನಂಗೊತ್ತಿಲ್ಲ. ನಂಗೆ ಏನೂ ಗೊತ್ತಿಲ್ಲ. ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ. ನಿಂಗೇನನ್ನಿಸ್ತಿದೆಯೋ ಅದನ್ನ ನೀನೇ ಹೇಳು."

ಅತ್ತಿಗೆ ಬಹಳ ಹೊತ್ತು ಅವರ ಬಾಯನ್ನೇ ನೋಡಿದರಂತೆ. ಆಮೇಲೆ ಬೆನ್ನ ಮೇಲೆ ಅಂಗೈ ಇಟ್ಟು, "ಓಡ್ಬೇಡ" ಎಂದರಂತೆ.

ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕಾದರು. ಮನೋವೈದ್ಯೆಯ ಕಣ್ಣಿನ ಕೆಳಗೆ ಸುಸ್ತಿನ ಕಪ್ಪು, ಮೇಜಿನ ಮೇಲೆ ಆರಿಹೋದ ಟೀ. ಯಾಕೆ ಬಿಟ್ಟಿರಿ ಎಂದು ಗದರದೆ ಕೇಳಿದರು. ಅತ್ತಿಗೆ ಬಾಯಿ ಬಿಟ್ಟರು. ನಾದಿನಿಗೆ ಗೊತ್ತೇ ಇರದಿದ್ದ ಸಂಗತಿಗಳು ಒಂದೊಂದಾಗಿ ಹೊರಬಂದವು. ಬಾಯಿ ಸದಾ ಒಣಗಿ ನಾಲಿಗೆ ಅಂಗುಳಿಗೆ ಅಂಟುವುದು. ಕೈ ನಡುಗಿ ಹಾಲು ಕರೆಯುವಾಗ ಹಸು ಬೆದರುವುದು. ಸೂಜಿ ಹಿಡಿಯಲಾಗದ್ದು. ಅಕ್ಕಪಕ್ಕದವರು ತಮ್ಮ ಮಕ್ಕಳನ್ನು ಇವರ ಕೈಗೆ ಕೊಡಲು ಹಿಂಜರಿಯುವುದು. "ನಮ್ಮ ಮನೆಯವರಿಗೆ ಹೇಳಿದ್ರೆ 'ನುಂಗು ಸಾಕು' ಅಂದ್ರು. ಇವಳಿಗೆ ಹೇಳೋಣ ಅಂದ್ರೆ ಇವಳು ಪಾಪ, ಬೇರೆಯವರ ಮಾತು ಆಡಿ ಆಡಿ ಸುಸ್ತಾಗಿ ಬರ್ತಾಳೆ. ಆ ನಟಿ ಟಿವೀಲಿ ಬಾಯಿ ಒಣಗುತ್ತೆ ಅಂದಾಗ ನಂಗೆ ಅಳು ಬಂತು ತಾಯಿ. ಇಷ್ಟು ವರ್ಷದಲ್ಲಿ ನನ್ನ ಕಷ್ಟ ಹೇಳಿದವಳು ಅವಳೊಬ್ಬಳೇ."

ವೈದ್ಯೆ ಪೆನ್ನು ಕೆಳಗಿಟ್ಟರು. ಹೀಗೆ ಒಮ್ಮೆಲೇ ನಿಲ್ಲಿಸಿದ್ದರಿಂದಲೇ ಹಿತ್ತಲಿನ ಮಾತು ವಾಪಸು ಬಂದಿರಬಹುದು ಎಂದರು; ಕೈ ನಡುಕಕ್ಕೆ, ಬಾಯಿ ಒಣಗುವುದಕ್ಕೆ ಹಿಂದೆಯೇ ಏನಾದರೂ ಮಾಡಬಹುದಿತ್ತು ಎಂದೂ ಹೇಳಿದರು. ಒಂದು ಮಾತ್ರೆ ಬದಲಿಸಿದರು, ಇನ್ನೊಂದನ್ನು ಕಡಿಮೆ ಮಾಡಿದರು. ಸರಿಹೋಗಲು ಸಮಯ ಬೇಕು, ನಡುಕ ಪೂರ್ತಿ ನಿಲ್ಲುತ್ತದೆ ಎಂದು ಮಾತು ಕೊಡಲಾರೆ ಎಂದರು. ಇನ್ನೊಬ್ಬರಿಗೆ ಮಾತ್ರೆ ಕೊಟ್ಟದ್ದಕ್ಕೆ ಮಾತ್ರ ಚೆನ್ನಾಗಿ ಬೈದರು, ದರ್ಜಿಯನ್ನು ಕರೆತರಲು ಹೇಳಿದರು.

ಹೊರಡುವಾಗ ದನಿಯಕ್ಕ ತಡೆಯಲಾರದೆ ಕೇಳಿದರು: "ಡಾಕ್ಟ್ರೇ, ಆ ನಟಿ ಹೇಳಿದ್ದು ಸುಳ್ಳಾ?"

"ಅವರಿಗೆ ಯಾವ ಕಾಯಿಲೆ ಇತ್ತೋ, ಯಾವ ಮಾತ್ರೆಯೋ, ಯಾರ ಹತ್ರ ಕೇಳಿ ಬಿಟ್ರೋ ನಂಗೇನು ಗೊತ್ತು? ಅವರ ಪಾಲಿಗೆ ನಿಜಾನೇ ಇರಬಹುದು. ನಿಮ್ಮತ್ತಿಗೆ ಅವರಲ್ಲ, ಅಷ್ಟೇ."

"ಮತ್ತೆ ಆ ಗಾಯಕಿ?"

"ನಿಮ್ಮತ್ತಿಗೆ ಅವರೂ ಅಲ್ಲ" ಎಂದು ವೈದ್ಯೆ ಮೊದಲ ಸಲ ನಕ್ಕರು.

ಈಗ ಆ ಮನೆಯಲ್ಲಿ ಮಾತ್ರೆಯ ಹೊತ್ತಿಗೆ ಒಂದು ಹೊಸ ನಡಾವಳಿ. ಅತ್ತಿಗೆಗೆ ಇನ್ನೂ ಆಗಾಗ ಹಿತ್ತಲಿನಿಂದ ನಾದಿನಿಯ ದನಿ ಕೇಳುತ್ತದೆ. ಮೊದಲಿಗಿಂತ ದೂರದಿಂದ, ಮೊದಲಿಗಿಂತ ಕಡಿಮೆ. ಕೇಳಿದಾಗ ಅವರು ಓಗೊಡುವುದಿಲ್ಲ, ಕಾಯುತ್ತಾರೆ. ಸಂಜೆ ದನಿಯಕ್ಕ ಬಂದು ಬೆಳಕಿಗೆ ಮುಖ ಮಾಡಿ ಕೂರಬೇಕು. ಅತ್ತಿಗೆ ತುಟಿ ನೋಡುತ್ತ ಮಾತು ಕೇಳುತ್ತಾರೆ. ಎರಡೂ ಒಂದಕ್ಕೊಂದು ಕೂಡಿದರೆ, "ಹೂಂ, ಇದು ನೀನೇ" ಎಂದು ಮಾತ್ರೆ ನುಂಗುತ್ತಾರೆ. ಅಣ್ಣ ಈಗ "ನುಂಗು" ಎನ್ನುವುದಿಲ್ಲ. "ಬಾಯಿ ಒಣಗಿದೆಯಾ?" ಎಂದು ಕೇಳುತ್ತಾರೆ. ಕೇಳಿದ ಮೇಲೆ ಮುಂದೇನು ಹೇಳಬೇಕೆಂದು ತಿಳಿಯದೆ ನೀರಿನ ಚೊಂಬು ಮುಂದಿಡುತ್ತಾರೆ.

ಹೋದ ವಾರ ಸ್ಟುಡಿಯೊಗೆ ಹರಟೆ ಕಾರ್ಯಕ್ರಮದ ಹೊಸ ಕಂತುಗಳು ಬಂದಿವೆ. ಗುಂಗುರು ಕೂದಲಿನ ನಟಿ ಮತ್ತೆ ಬಂದಿದ್ದಾರೆ, ಮತ್ತೆ ಮಾತ್ರೆಯ ಮಾತು ಇದೆ. ಏನೆಂದಿದ್ದಾರೆ ಎಂಬುದನ್ನು ಮೇಷ್ಟ್ರು ಇನ್ನೂ ತೋರಿಸಿಲ್ಲ. ದನಿಯಕ್ಕ ಒಲ್ಲೆ ಎಂದರು. ಸಿನಿಮಾದಲ್ಲಿ ನದಿಗೆ ಬೀಳು ಎಂದರೆ ಬೀಳುತ್ತೇನೆ, ಅದನ್ನು ನೋಡಿ ಯಾರೂ ನದಿಗೆ ಹೋಗುವುದಿಲ್ಲ, ಇದು ಹಾಗಲ್ಲ ಎಂದರು. ಮೇಷ್ಟ್ರು ತಲೆ ಕೆರೆದುಕೊಂಡರು: "ನೀನು ಒಲ್ಲೆ ಅಂದ್ರೆ ಇನ್ನೊಬ್ಬಳು ಹೇಳ್ತಾಳೆ ತಾಯಿ. ಮಾತಂತೂ ಮನೆ ಮನೆಗೆ ಹೋಗೇ ಹೋಗುತ್ತೆ."

ಅದೂ ಸರಿಯೆನಿಸಿ, ಇದೂ ಸರಿಯೆನಿಸಿ, ಆಕೆ ಮನೆಗೆ ಬಂದು ಅತ್ತಿಗೆಯನ್ನೇ ಕೇಳಿದರು. ಅತ್ತಿಗೆ ಹೊಸದಾಗಿ ಕರೆದ ಹಾಲನ್ನು ಸೋಸುತ್ತಿದ್ದರು. ಕೈ ನಡುಗಿ ಒಂದೆರಡು ಹನಿ ನೆಲಕ್ಕೆ ಬಿತ್ತು. ಅದನ್ನು ಕಾಲಿನಿಂದ ಒರೆಸಿ ಹೇಳಿದರು:

"ಹೋಗಿ ಹೇಳು. ಅವಳೇನಂತಾಳೋ ಅದನ್ನೇ ಹೇಳು, ಚೆನ್ನಾಗಿ ಹೇಳು. ಗುರುತಿಲ್ಲದೋಳು ಯಾರೋ ಹೇಳಿದ್ರೆ ನಾನು ಯಾರನ್ನ ಹಿಡ್ಕೊಂಡು ಕೇಳ್ಲಿ? ಯಾರ ಜೊತೆ ಜಗಳ ಆಡ್ಲಿ? ನೀನಾದ್ರೆ ಸಂಜೆಗೆ ಮನೆಗೆ ಬರ್ತೀಯ."

ಇದು ಅಪ್ಪಣೆಯೋ ಎಚ್ಚರಿಕೆಯೋ ದನಿಯಕ್ಕನಿಗೆ ಇನ್ನೂ ಬಗೆಹರಿದಿಲ್ಲ. ಈಗ ಕೆಳಗೆ ಕಬ್ಬಿಣದ ಅಂಗಡಿಯ ಷಟರ್ ಅರ್ಧ ಎದ್ದಿದೆ. ಮೇಷ್ಟ್ರು ಗಾಜಿನ ಆಚೆಯಿಂದ ಕೈ ಆಡಿಸುತ್ತಿದ್ದಾರೆ. ಮೈಕಿನ ಕಡೆ ತಿರುಗುವ ಮುಂಚೆ, ತೆರೆಯ ಮೇಲೆ ಹೆಸರು ಬರಬೇಕೆಂಬ ಆಸೆ ಇಲ್ಲವೆ ಎಂದು ಕೇಳಿದರೆ ಆಕೆ ಕೈ ಕೊಡವುತ್ತಾರೆ.

"ಹೆಸರು ತಗೊಂಡು ಏನು ಮಾಡ್ಲಿ? ಎಷ್ಟು ಕೆಲಸ ಬೇಕಾದ್ರೂ ಬರ್ಲಿ. ಸಂಜೆ ಬಸ್ಸೊಂದು ತಪ್ಪದಿದ್ರೆ ಸಾಕು."